ಬೆಳಿಗ್ಗೆ ಡಿಗೆ ಹಾಕಿದ್ರೆ ಗಾಡಿ ಕದಲಲ್ಲ, ಆಮೇಲೆ ದಢ್ ಅಂತ ಎಳೆಯುತ್ತೆ

ಕೆಂಪುಕಾರು:
ನನ್ನ ಆಟೋಮ್ಯಾಟಿಕ್ ಕಾರನ್ನ ಬೆಳಿಗ್ಗೆ ಸ್ಟಾರ್ಟ್ ಮಾಡಿ ಡಿಗೆ (ಡ್ರೈವ್) ಹಾಕಿದ್ರೆ ಮೂರು ಸೆಕೆಂಡ್ ಏನೂ ಇಲ್ಲ. ಆಮೇಲೆ ದಢ್! 2ನೇ ಗೇರಿಂದ 3ಕ್ಕೆ ಬೀಳುವಾಗ ಆರ್‌ಪಿಎಂ ಸುಮ್ಮನೆ ಏರುತ್ತೆ. ಗ್ಯಾರೇಜಿನವರು ಗೇರ್‌ಬಾಕ್ಸ್ ಇಳಿಸ್ಬೇಕು ಅಂತಿದ್ದಾರೆ. ತಲೆ ಕೆಟ್ಟುಹೋಗಿದೆ.

ಘಾಟಿರಸ್ತೆ:
ಎಎಂಟಿ (ಮ್ಯಾನುವಲ್ ಗೇರ್‌ಬಾಕ್ಸನ್ನ ಯಂತ್ರವೇ ಬದಲಿಸೋ ಥರದ್ದು) ತಾನೆ? ಕ್ಲಚ್ ಸವೆದಿದೆ. ಸ್ಕ್ಯಾನರ್ ಹಾಕಿ ಬೈಟ್ ಪಾಯಿಂಟ್ (ಕ್ಲಚ್ ಹಿಡಿಯೋ ಜಾಗ) ಮತ್ತೆ ಕಲಿಸಿ.

ಕೆಂಪುಕಾರು:
ಎಎಂಟಿ ಅಲ್ಲ, ಟಾರ್ಕ್ ಕನ್ವರ್ಟರ್ (ಎಂಜಿನ್ ಬಲವನ್ನ ಎಣ್ಣೆ ಮೂಲಕ ದಾಟಿಸೋದು). ಐಸಿನ್ ಕಂಪನಿಯ 6 ಸ್ಪೀಡ್ ಗೇರ್‌ಬಾಕ್ಸ್.

ಘಾಟಿರಸ್ತೆ:
ಆದ್ರೂ ಕ್ಲಚ್ಚೇ. ಒಳಗಿನ ಕ್ಲಚ್ ಪ್ಯಾಕ್ (ಗೇರ್ ಹಿಡಿಯೋ ತಟ್ಟೆಗಳು) ಸುಟ್ಟಿರುತ್ತೆ.

ಸೊಲೆನಾಯ್ಡ್:
ಗೇರ್‌ಬಾಕ್ಸ್ ಎಣ್ಣೆ ನೋಡದೆ ಕ್ಲಚ್ ಪ್ಯಾಕ್ ಅನ್ಬೇಡಿ. ಬಿಳಿ ಟಿಶ್ಯೂ ಮೇಲೆ ಒಂದು ಹನಿ ಬಿಡಿ. ಕೆಂಪು ಅಥವಾ ತಿಳಿ ಕಂದು ಇದ್ರೆ ಭಯವಿಲ್ಲ. ಕಪ್ಪಾಗಿ, ಸೀದ ವಾಸನೆ ಬಂದು, ಅಂಚಲ್ಲಿ ಸಣ್ಣ ಪುಡಿ ನಿಂತ್ರೆ ಮಾತ್ರ ಕ್ಲಚ್. ಪ್ಯಾನಿನ (ಗೇರ್‌ಬಾಕ್ಸ್ ತಳದ ಎಣ್ಣೆ ತಟ್ಟೆ) ಆಯಸ್ಕಾಂತಕ್ಕೆ ಬೂದು ಬಣ್ಣದ ಪೇಸ್ಟ್ ಅಂಟಿರೋದು ಮಾಮೂಲಿ, ಲೋಹದ ಚೂರು ಮಾಮೂಲಿಯಲ್ಲ. ಸ್ಕ್ಯಾನರ್‌ನಲ್ಲಿ ದೋಷದ ಕೋಡ್ ಇದೆಯಾ? ಪಿ0730 ಬಂದ್ರೆ ಗೇರ್ ಅನುಪಾತ ತಪ್ತಿದೆ, ಪಿ0741 ಅಂದ್ರೆ ಕನ್ವರ್ಟರ್ ಲಾಕಪ್ (ಅದನ್ನ ನೇರ ಜೋಡಿಸೋ ಕ್ಲಚ್) ತೊಂದರೆ. ಎಣ್ಣೆ ಕೊನೇಸಲ ಯಾವಾಗ ಬದಲಿಸಿದ್ದು?

ಕೆಂಪುಕಾರು:
ಹೋದ ತಿಂಗಳು. ಅದಾದ್ಮೇಲೇ ಶುರುವಾಗಿದ್ದು. ಕೋಡ್ ಏನೂ ಇಲ್ಲ, ಎಣ್ಣೆ ಕೆಂಪಗೇ ಇದೆ.

ಸೊಲೆನಾಯ್ಡ್:
ಇದನ್ನ ಮೊದಲೇ ಹೇಳಿದ್ರೆ ಅರ್ಧ ಕೆಲಸ ಮುಗೀತಿತ್ತು. ಎಂಜಿನ್ ಆಫ್ ಇಟ್ಟು ಮಟ್ಟ ನೋಡಿರ್ತಾರೆ. ಎಂಜಿನ್ ನಿಂತಾಗ ವಾಲ್ವ್ ಬಾಡಿಯ (ಎಣ್ಣೆ ಒತ್ತಡ ಹಂಚೋ ಭಾಗ) ಎಣ್ಣೆ ಪ್ಯಾನಿಗೆ ಇಳಿಯುತ್ತೆ, ಓವರ್‌ಫ್ಲೋ ಕೊಳವೆಯಲ್ಲಿ ಚೆಲ್ಲುತ್ತೆ, 'ತುಂಬಿದೆ' ಅಂತ ಬೋಲ್ಟ್ ಹಾಕ್ತಾರೆ. ಸ್ಟಾರ್ಟ್ ಮಾಡಿದ ಕೂಡಲೇ ಪಂಪ್ ಎಳೆದುಕೊಂಡು ಪ್ಯಾನ್ ಖಾಲಿಯಾಗುತ್ತೆ, ಪಂಪ್ ಗಾಳಿ ಹೀರುತ್ತೆ, ಒತ್ತಡ ಏರೋಕೆ ತಡ. ವಿಪರೀತ ಬಿಸಿಯಿದ್ದಾಗ ನೋಡಿದ್ರೂ ಇದೇ ಕಥೆ: ಉಬ್ಬಿದ ಎಣ್ಣೆ ಹೊರಗೆ ಹೋಗುತ್ತೆ, ಬೆಳಿಗ್ಗೆ ತಣ್ಣಗಾದಾಗ ಕಡಿಮೆ.
ಹೀಗೆ ಮಾಡಿ: ಸಮತಟ್ಟಾದ ಲಿಫ್ಟ್, ಎಂಜಿನ್ ಆನ್. ಬ್ರೇಕ್ ಒತ್ತಿ ಪಿ, ಆರ್, ಎನ್, ಡಿ ಒಂದೊಂದರಲ್ಲೂ 3 ಸೆಕೆಂಡ್ ನಿಲ್ಲಿಸಿ ಪಿಗೆ ಬನ್ನಿ. ಸ್ಕ್ಯಾನರ್‌ನಲ್ಲಿ ಎಣ್ಣೆ 35–45 ಡಿಗ್ರಿ ತೋರಿಸುವಾಗ ಪ್ಯಾನಿನ ಕೆಳಗಿನ, ಮಟ್ಟ ನೋಡೋ ಬೋಲ್ಟ್ ತೆಗೆಯಿರಿ. ಸಣ್ಣ ದಾರದ ಹಾಗೆ ಹನಿದ್ರೆ ಮಟ್ಟ ಸರಿ. ಹನಿಯೇ ಇಲ್ಲದಿದ್ರೆ ಕಾಲು ಲೀಟರಿನಂತೆ ಸೇರಿಸ್ತಾ ಹೋಗಿ.

ಘಾಟಿರಸ್ತೆ:
ಇಷ್ಟೆಲ್ಲ ಯಾಕೆ? ಡಿಪ್‌ಸ್ಟಿಕ್ (ಎಣ್ಣೆ ಅಳೆಯೋ ಕಡ್ಡಿ) ಎಳೆದು ನೋಡಿದ್ರಾಯ್ತು. ಹೋಂಡಾದಲ್ಲಿ ಎಂಜಿನ್ ಆಫ್ ಮಾಡಿಯೇ ನೋಡೋದು.

ಹಳೇಬೋಲ್ಟ್:
ಅದು ಹೋಂಡಾ ಪದ್ಧತಿ, ಅದನ್ನ ಎಲ್ಲದಕ್ಕೂ ಹಚ್ಬೇಡಿ. ಈ ಐಸಿನ್‌ಗೆ ಡಿಪ್‌ಸ್ಟಿಕ್ಕೇ ಇಲ್ಲ.

ಘಾಟಿರಸ್ತೆ:
ಸರಿ, ಆದ್ರೆ ಮೆಷಿನ್ ಫ್ಲಶ್ (ಯಂತ್ರದಿಂದ ಹಳೇ ಎಣ್ಣೆ ತೆಗೆದು ಹೊಸದು ತುಂಬೋದು) ಮಾಡಿಸಿದ್ರೆ ಈ ರಗಳೆಯೇ ಇರ್ತಿರಲಿಲ್ಲ. ನಾನು ಹೊರಗಡೆ ಪ್ರತ್ಯೇಕ ಆಯಿಲ್ ಕೂಲರ್ ಕೂಡ ಕೂರಿಸಿದ್ದೀನಿ, ಆಗುಂಬೆ ಹತ್ತಿದ್ರೂ ಎಣ್ಣೆ 90 ದಾಟಲ್ಲ.

ಹಳೇಬೋಲ್ಟ್:
ಕೂಲರ್ ಒಳ್ಳೇದೇ, ಆದ್ರೆ ಇಲ್ಲಿನ ಪ್ರಶ್ನೆ ಅದಲ್ಲ. ಫ್ಲಶ್ ಮಾಡಿದ್ರೂ ಕೊನೆಗೆ ಮಟ್ಟ ಹೀಗೇ ನೋಡ್ಬೇಕು. ಪ್ಯಾನಿಂದ ಇಳಿಯೋದು ಅರ್ಧದಷ್ಟು ಮಾತ್ರ, ಉಳಿದದ್ದು ಹೆಚ್ಚಾಗಿ ಕನ್ವರ್ಟರಿನಲ್ಲಿರುತ್ತೆ. ಸಾವಿರ ಕಿಲೋಮೀಟರ್ ಬಿಟ್ಟು ಇನ್ನೊಮ್ಮೆ ಇಳಿಸಿ ತುಂಬಿದ್ರೆ ಸಾಕು.

ಕೆಂಪುಕಾರು:
38 ಡಿಗ್ರಿಯಲ್ಲಿ ಬೋಲ್ಟ್ ತೆಗೆಸಿದೆ. ಒಂದು ಹನಿಯೂ ಇಲ್ಲ! 1.2 ಲೀಟರ್ ಹಿಡೀತು. ಬೆಳಗಿನ ತಡ ಹೋಯ್ತು. 2–3 ಮಾತ್ರ ಇನ್ನೂ ಸ್ವಲ್ಪ ಜಾರುತ್ತೆ.

ಸೊಲೆನಾಯ್ಡ್:
ಕಡಿಮೆ ಎಣ್ಣೆಯಲ್ಲಿ ಕಲಿತ ಅಡಾಪ್ಟೇಷನ್ (ಗೇರ್‌ಬಾಕ್ಸ್ ಕಂಪ್ಯೂಟರ್ ನೆನಪಿಟ್ಟ ಹೊಂದಾಣಿಕೆ) ಹಾಗೇ ಉಳಿದಿದೆ. ಅದನ್ನ ಸ್ಕ್ಯಾನರ್‌ನಲ್ಲಿ ಅಳಿಸಿ, ಎಣ್ಣೆ ಪೂರ್ತಿ ಬಿಸಿಯಾದ ಮೇಲೆ ಹಗುರ ಕಾಲಲ್ಲಿ 1ರಿಂದ 6ರವರೆಗೆ ಹತ್ತು ಸಲ ಓಡಿಸಿ. ಆಮೇಲೂ ಜಾರಿದ್ರೆ ಮಾತ್ರ ವಾಲ್ವ್ ಬಾಡಿ ಕಡೆ ನೋಡೋಣ, ಗೇರ್‌ಬಾಕ್ಸ್ ಇಳಿಸೋಕೆ ಈಗ ಬಿಡ್ಬೇಡಿ.