ಎಂಆರ್‌ಐ ನೋಡ್ಕೋತ ಪ್ರೋಟಾನ್ ಟ್ರೀಟ್‌ಮೆಂಟ್ (ಕ್ಯಾನ್ಸರ್ ಗಡ್ಡಿಗಿ ಪ್ರೋಟಾನ್ ಅನ್ನೋ ಸಣ್ಣ ಕಣ ಬಿಡೋದು) ಕೊಡ್ತಾರಂತ, ಖರೇ ಏನ್ರಿ?

ಆಳಂದ_ರೋಡ್: ನಮ್ಮ ಕಾಕಾಗ ಲಿವರ್‌ದಾಗ ಗಡ್ಡಿ ಅದ ಅಂತ ಹೇಳ್ಯಾರ, ನಿನ್ನಿ ಕಾಕು ಎಂಆರ್‌ಐ ಫಿಲ್ಮ್ ಕಿಡಕಿ ಬೆಳಕಿಗಿ ಹಿಡ್ಕೊಂಡು ಸುಮ್ನ ನೋಡ್ಕೋತ ನಿಂತಿದ್ಲು, ನೋಡಕ್ಕಾಗ್ಲಿಲ್ಲ ನನಗ. ಎರಡೂ ಕೂಡೇ ಮಾಡೋ ಮಷೀನ್ ಕಲಬುರಗಿ ಕಡಿ ಎಲ್ಲೈತಿ?

ಬೀದರ್_ಫಿಸಿಕ್ಸ್: ಕಲಬುರಗಿ ಬಿಡ್ರಿ, ದವಾಖಾನಿದಾಗ ದಿನಾ ಬಳಸೋ ಹಂಗ ಇನ್ನೂ ಬಂದಿಲ್ಲ ಅದು. ಜರ್ಮನಿಯ ಡ್ರೆಸ್ಡೆನ್‌ದಾಗ 2024ರಾಗ ಇಡೀ ಮೈ ನೋಡೋ ಪ್ರೋಟೋಟೈಪ್ (ಮೊದಲ ನಮೂನಿ ಮಷೀನ್) ಶುರು ಮಾಡ್ಯಾರ, ಸಂಶೋಧನೆಗಂತ. ಪ್ರೋಟಾನ್ ಒಂದು ಆಳಕ್ಕ ಹೋಗಿ ಅಲ್ಲೇ ಹೆಚ್ಚು ಶಕ್ತಿ ಬಿಟ್ಟು ನಿಂತುಬಿಡ್ತದ, ಎಕ್ಸ್‌ರೇ ಹಂಗ ಆಚಿ ದಾಟಿ ಹೋಗಲ್ಲ. ಆದ್ರ ಲಿವರ್ ಉಸುರು ತಗೊಂಡಾಗೆಲ್ಲ ಮ್ಯಾಲ ಕೆಳಗ ಸರಿತದ, ಗುರಿ ಸ್ವಲ್ಪ ತಪ್ಪಿದ್ರೂ ಛಲೋ ಭಾಗಕ್ಕ ಪೆಟ್ಟು. ಅದಕ್ಕೇ ಆವಾಗಿಂದಾವಾಗ ಎಂಆರ್‌ಐ ಬೇಕು. ತೊಡಕು ಏನಂದ್ರ ಪ್ರೋಟಾನ್‌ಗೆ ಚಾರ್ಜ್ ಇರ್ತದಲ್ಲ, ಎಂಆರ್‌ಐ ಮ್ಯಾಗ್ನೆಟ್ ಅದರ ದಾರಿನೇ ಬಗ್ಗಿಸ್ತದ, ಆ ಬಾಗು ಲೆಕ್ಕ ಹಾಕೇ ಪ್ಲ್ಯಾನ್ ಮಾಡ್ಬೇಕು. ನನಗಂತೂ ಇದ್ರಾಗ ಭಾಳ ಭರವಸಿ ಅದ.

ಆಳಂದ_ರೋಡ್: ಹಂಗಂದ್ರ ಕಾಯ್ಬೇಕೇನ್ರಿ ಅಣ್ಣಾ?

ಯಾದಗಿರಿ_ಅಕ್ಕ: ಕಾಯಬ್ಯಾಡ್ರಿ ತಮ್ಮಾ, ದಯವಿಟ್ಟು! ಎಂಆರ್‌ಐ ಇಲ್ದ ಬರೇ ಪ್ರೋಟಾನ್ ಚೆನ್ನೈ ಅಪೋಲೋದಾಗ 2019ರಿಂದ ಅದ, ನವಿ ಮುಂಬೈ ಖಾರಘರ್‌ದಾಗ ಟಾಟಾ ಕ್ಯಾನ್ಸರ್ ದವಾಖಾನಿಯವ್ರದೂ ಅದ, ರಾತ್ರಿ ಟ್ರೇನ್ ಹತ್ತಿದ್ರ ಮುಂಜಾನಿ ಮುಂಬೈ. ಆದ್ರ ಎಲ್ಲಾರಿಗೂ ಪ್ರೋಟಾನೇ ಬೇಕಂತಿಲ್ಲ. ಮೊದ್ಲು ಕಲಬುರಗಿ ಕಿದ್ವಾಯಿ ಕ್ಯಾನ್ಸರ್ ದವಾಖಾನಿದಾಗ ತೋರಿಸ್ರಿ, ಫಿಲ್ಮ್ ಜೊತಿ ಸಿಡಿನೂ ಒಯ್ರಿ, ನಾವು ಬರೇ ಫಿಲ್ಮ್ ಒಯ್ದು ಮತ್ತ ಊರಿಗಿ ತಿರುಗಿ ಬಂದಿದ್ವಿ.

ಆಳಂದ_ರೋಡ್: ಸೋಮವಾರ ಕರ್ಕೊಂಡು ಹೋಗ್ತೀನಿ ಅಕ್ಕಾ, ಸಿಡಿ ಈಗೇ ಚೀಲದಾಗ ಇಟ್ಟೆ.