ಅಪ್‌ಡೇಟ್: ಜರ್ಮನಿ ಮನೆಯ ಗೋಡೆಗೆ ಬರ್ತಿದ್ದ ಬೂಷ್ಟು ನಿಂತಿದೆ

ಚಳಿ ಶುರುವಾದಾಗಿಂದ ಬೆಡ್‌ರೂಮಿನ ಹೊರಗೋಡೆ ಮೂಲೆಯಲ್ಲಿ ಕಪ್ಪು ಬೂಷ್ಟು, ಬೆಳಗ್ಗೆ ಕಿಟಕಿ ಗಾಜಿನ ಮೇಲೆಲ್ಲ ನೀರು ಅಂತ ಕೇಳಿದ್ದೆ. ಈಗ ಎರಡೂ ನಿಂತಿವೆ, ಎಲ್ಲರಿಗೂ ಥ್ಯಾಂಕ್ಸ್.

ಕೆಲಸಕ್ಕೆ ಬಂದದ್ದು ಇಲ್ಲಿಯವರ ಶ್ಟೋಸ್‌ಲ್ಯುಫ್ಟನ್ ಪದ್ಧತಿ. ಹೀಟರ್ ವಾಲ್ವ್ ತಿರುಗಿಸಿ ಬಂದ್ ಮಾಡಿ, ಎದುರುಬದುರು ಕಿಟಕಿಗಳನ್ನ ಪೂರ್ತಿ ತೆಗೆದು 5 ನಿಮಿಷ ಬಿಡೋದು, ದಿನಕ್ಕೆ ಮೂರ್ನಾಲ್ಕು ಸಲ. ಅನ್ನ-ಸಾರು ಮಾಡಿದ ಮೇಲೆ, ಸ್ನಾನ ಆದ ಮೇಲೆ ತಪ್ಪಿಸಲೇಬೇಡಿ. ಬೀರುವನ್ನ ಹೊರಗೋಡೆಯಿಂದ 10 ಸೆಂ.ಮೀ. ಮುಂದಕ್ಕೆ ಎಳೆದದ್ದೂ ತುಂಬಾ ಸಹಾಯ ಆಯ್ತು.

ಕಿಟಕಿಯನ್ನ ದಿನವಿಡೀ ಓರೆಯಾಗಿ ತೆರೆದಿಡೋ ಸಲಹೆ ಉಪಯೋಗವಾಗಲಿಲ್ಲ. ಗಾಳಿ ಬದಲಾಗೋದು ನಿಧಾನ, ಸುತ್ತಲಿನ ಗೋಡೆ ತಣ್ಣಗಾಗಿ ತೇವ ಅಲ್ಲೇ ಕೂರುತ್ತೆ. ಬೂಷ್ಟು ಒರೆಸೋಕೆ ವಿನೆಗರ್ ಕೂಡ ಬೇಡ, ಸುಣ್ಣದ ಗಾರೆ ಅದರ ಹುಳಿಯ ಗುಣವನ್ನ ಇಲ್ಲವಾಗಿಸಿಬಿಡುತ್ತೆ. 70–80% ಆಲ್ಕೋಹಾಲ್ ಬಟ್ಟೆಗೆ ಹಾಕಿ ಒರೆಸಿ. ಕೈಗವಸು ಇರಲಿ, ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡವೇ ಬೇಡ.

ಆಶ್ಚರ್ಯ ಆದದ್ದು ಒಂದು: ಹೊರಗೆ ಮಳೆ ಬರ್ತಿದ್ರೂ ಕಿಟಕಿ ತೆಗೆಯಬಹುದು! 5 ಡಿಗ್ರಿಯ ಒದ್ದೆ ಗಾಳಿ ಒಳಗೆ ಬಂದು 20 ಡಿಗ್ರಿಗೆ ಬಿಸಿಯಾದರೆ ಅದರ ತೇವಾಂಶ ಸುಮಾರು 40%ಕ್ಕೆ ಇಳಿಯುತ್ತೆ. ತೇವಾಂಶ ಅಳೆಯೋ ಒಂದು ಸಣ್ಣ ಹೈಗ್ರೋಮೀಟರ್ ಇಟ್ಕೊಳ್ಳಿ, 60% ದಾಟಿದರೆ ಕಿಟಕಿ ತೆಗೀರಿ.