ಸಹಾಯ ಬೇಕು: ಪೈಥಾನ್ ಚಿಹ್ನೆಗಳ ಕೈಪಿಡಿಯನ್ನು ಹೇಗೆ ಜೋಡಿಸಬೇಕು?

ಎಲ್ಲರಿಗೂ ನಮಸ್ಕಾರ. ಹೊಸದಾಗಿ ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಕಲಿಯುವವರಿಗೆ ಕನ್ನಡದಲ್ಲಿ ಚಿಹ್ನೆಗಳ ಕೈಪಿಡಿ ಬರೆಯುತ್ತಿದ್ದೇವೆ. ಒಂದೇ ಚಿಹ್ನೆಗೆ ಜಾಗಕ್ಕೊಂದು ಅರ್ಥ ಇರುವಲ್ಲಿ ತೊಡಕಾಗಿದೆ.

ಉದಾಹರಣೆಗೆ * ಚಿಹ್ನೆ ನೋಡಿ. ಎರಡು ಸಂಖ್ಯೆಗಳ ನಡುವೆ ಗುಣಾಕಾರ. ಸ್ಟ್ರಿಂಗ್ (ಅಕ್ಷರಗಳ ಸಾಲು) ಮತ್ತು ಪೂರ್ಣಾಂಕದ ನಡುವೆ ಪುನರಾವರ್ತನೆ. ಫಂಕ್ಷನ್ ಕರೆಯುವಾಗ ಲಿಸ್ಟನ್ನು ಬಿಡಿಬಿಡಿ ಆರ್ಗ್ಯುಮೆಂಟ್‌ಗಳಾಗಿ (ಫಂಕ್ಷನ್‌ಗೆ ಕೊಡುವ ಮೌಲ್ಯಗಳಾಗಿ) ಬಿಡಿಸುತ್ತದೆ. ಫಂಕ್ಷನ್ ಬರೆಯುವಾಗ ಪ್ಯಾರಾಮೀಟರ್ (ಆ ಮೌಲ್ಯವನ್ನು ಪಡೆಯುವ ಹೆಸರು) ಒಂದರ ಎಡಕ್ಕೆ ಅಂಟಿ ಬಂದರೆ ಉಳಿದ ಆರ್ಗ್ಯುಮೆಂಟ್‌ಗಳನ್ನು ಟಪಲ್ (ಬದಲಿಸಲಾಗದ ಪಟ್ಟಿ) ಆಗಿ ಕಟ್ಟುತ್ತದೆ. ಅಲ್ಲೇ ಒಂಟಿಯಾಗಿ ನಿಂತರೆ, ಅದರ ಬಲಕ್ಕಿರುವವನ್ನೆಲ್ಲ ಹೆಸರು ಹೇಳಿಯೇ ಕೊಡಬೇಕು. / ಕೂಡ ಪೈಥಾನ್ 3.8 ಆವೃತ್ತಿಯಿಂದ ಬರೀ ಭಾಗಾಕಾರವಲ್ಲ: ಪ್ಯಾರಾಮೀಟರ್ ಪಟ್ಟಿಯಲ್ಲಿ ಅದರ ಎಡಕ್ಕಿರುವವನ್ನು ಹೆಸರಿನಿಂದ ಕೊಡುವಂತಿಲ್ಲ.

ಈಗ ಚಿಹ್ನೆಗೊಂದು ಪುಟ, ಅದರೊಳಗೆ "ಎಲ್ಲಿ ಬಂದಿದೆ, ಎಡಕ್ಕೇನಿದೆ, ಬಲಕ್ಕೇನಿದೆ, ಏನು ಮಾಡುತ್ತದೆ" ಎಂಬ ಕೋಷ್ಟಕ ಇಟ್ಟಿದ್ದೇವೆ. ಕಲಿಯುವವರಿಗೆ ಕಣ್ಣಿಗೆ ಬೀಳುವುದು ಚಿಹ್ನೆಯೇ ಆದ್ದರಿಂದ ಈ ಕ್ರಮವೇ ಸರಿ ಅನಿಸುತ್ತದೆ. ಆದರೆ _ ಆಪರೇಟರೇ (ಲೆಕ್ಕದಂಥ ಕ್ರಿಯೆ ಮಾಡುವ ಚಿಹ್ನೆ) ಅಲ್ಲ: ಬೇಡದ ಮೌಲ್ಯಕ್ಕೆ ಇಡುವ ಹೆಸರು (ಇದು ರೂಢಿ ಮಾತ್ರ), ಪೈಥಾನ್ 3.10ರಲ್ಲಿ ಬಂದ match ಹೇಳಿಕೆಯಲ್ಲಿ (ಮೌಲ್ಯವನ್ನು ಮಾದರಿಗಳೊಂದಿಗೆ ಹೋಲಿಸುವುದು) ಯಾವುದಕ್ಕೂ ಹೊಂದುವ ಗುರುತು (ಇದು ನಿಯಮ). ರೂಢಿಯನ್ನೂ ನಿಯಮವನ್ನೂ ಒಂದೇ ಕೋಷ್ಟಕದಲ್ಲಿ ಹಾಕಬಹುದೇ?

ಇನ್ನೊಂದು ತೊಡಕು, ನಾವು ಪುಟಗಳನ್ನು ಬರೆಯುವ ಮಾರ್ಕ್‌ಡೌನ್‌ನದು (ಸರಳ ಗುರುತುಗಳಿಂದ ಪುಟ ರೂಪಿಸುವ ವಿಧಾನ). ಕೋಷ್ಟಕದೊಳಗಿನ | ಕೋಡ್ ಗುರುತಿನಲ್ಲಿದ್ದರೂ ಸಾಲನ್ನು ಬೇಡದ ಕಡೆ ಅಂಕಣಗಳಾಗಿ ಒಡೆಯುತ್ತದೆ. ಅದರ ಎಡಕ್ಕೆ \ ಹಾಕಿ ಸರಿಪಡಿಸಿದ್ದೇವೆ. ಶೀರ್ಷಿಕೆಯಲ್ಲಿ ಚಿಹ್ನೆ ಮಾತ್ರ ಇದ್ದರೆ ಲಿಂಕ್ ಖಾಲಿಯಾಗುತ್ತದೆ, ಹುಡುಕಾಟದಲ್ಲೂ ಸಿಗುವುದಿಲ್ಲ. ಹಾಗಾಗಿ "ಸ್ಟಾರ್, ನಕ್ಷತ್ರ ಚಿಹ್ನೆ" ಎಂದು ಪದಗಳನ್ನೂ ಸೇರಿಸುತ್ತಿದ್ದೇವೆ. ಚಿಹ್ನೆಯನ್ನೇ ಟೈಪ್ ಮಾಡಿ ಹುಡುಕುವ ವ್ಯವಸ್ಥೆ ಮಾಡಿದವರು ದಯವಿಟ್ಟು ವಿಧಾನ ತಿಳಿಸಿ.